ಡಿಸ್ಟಂಟ್ ಹಳದಿ

ಗುರುಮಲ್ಲಪ್ಪ ಮಗಳ ಜೊತೆ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಸುಮ್ಮನೆ ಬಿಟ್ಟದ್ದಲ್ಲ. ಇಂಜಿನ್ನಿಗೆ ಮಾಡುವ ಹಾಗೆ ಆ ಮೌನಕ್ಕೂ ದಿನಾ ಎಣ್ಣೆ ಬಿಟ್ಟು, ಒರೆಸಿ, ತುಕ್ಕು ಹಿಡಿಯದಂತೆ ನೋಡಿಕೊಂಡಿದ್ದ. ರೈಲ್ವೆಯಲ್ಲಿ ತಲೆ ನರೆಸಿಕೊಂಡವನಿಗೆ ಅಷ್ಟಾದರೂ ಶಿಸ್ತು ಬೇಡವೆ?

ಅವನ ಊರು ಶಿಕಾರಿಪುರ. ರೈಲೇ ಬಾರದ ಊರಿನವನು ರೈಲು ಓಡಿಸುತ್ತಾನೆ ಎಂಬುದೇ ಅಲ್ಲಿನವರಿಗೆ ತಮಾಷೆ. ಈಗ ಊರಾಚೆ ಹೊಸ ಲೈನಿಗೆ ಮಣ್ಣು ಏರಿಸುತ್ತಿದ್ದಾರಲ್ಲ, ರಜೆಗೆ ಬಂದ ಗುರುಮಲ್ಲಪ್ಪ ಚಹಾದಂಗಡಿಗೆ ಕಾಲಿಟ್ಟರೆ ಸಾಕು, "ಏನ್ರೀ ಡ್ರೈವರ್ ಸಾಹೇಬ್ರ, ನಮ್ಮೂರಿಗೆ ಗಾಡಿ ಯಾವಾಗ ತರ್ತೀರಿ?" ಎಂದು ಕೇಳುವರು, ಇವನೇ ಅದನ್ನು ಜೇಬಿನಲ್ಲಿಟ್ಟುಕೊಂಡು ಸತಾಯಿಸುತ್ತಿರುವ ಹಾಗೆ. ಅದಕ್ಕೆ ನಗುತ್ತಿದ್ದ. "ಮಗಳೂ ಇಂಜಿನ್ ಹತ್ತಿದ್ಲಂತೆ?" ಎಂದು ಮುಂದುವರಿಸಿದರೆ ಮಾತ್ರ ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಏಳುತ್ತಿದ್ದ.

ಹತ್ತಿದ್ದು ನಿಜ. ಇರುವ ಒಬ್ಬಳೇ ಮಗಳು ಚೈತ್ರಶ್ರೀ ಡಿಪ್ಲೊಮಾ ಮುಗಿಸಿದಾಗ, ಅಪ್ಪನ ಹಾಗೆ ತಾನೂ ಇಂಜಿನ್ ಓಡಿಸುತ್ತೇನೆ ಎಂದಿದ್ದಳು. ಗುರುಮಲ್ಲಪ್ಪ ಬೇಡ ಎಂದ. ಹೊತ್ತಿಲ್ಲ ಗೊತ್ತಿಲ್ಲ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇಂಜಿನ್ನಿನಲ್ಲಿ ಒಂದು ಬಚ್ಚಲು ಕೂಡ ಇಲ್ಲ, ಅದು ಹೆಣ್ಣುಮಗಳು ಮಾಡುವ ಕೆಲಸವಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮಾತು ಮುಗಿಸಿದ. ಅವಳು ಆಯಿತೆಂದಳು. ಬ್ಯಾಂಕಿನ ಪರೀಕ್ಷೆಗೆ ಓದುತ್ತೇನೆಂದಳು. ತಾಯಿ ರಾಜೇಶ್ವರಮ್ಮ ಅದಕ್ಕೆ ತಾಳ ಹಾಕಿದಳು. ಹೀಗೆ ತಾಯಿ ಮಗಳು ಸೇರಿ ಪರೀಕ್ಷೆ, ತರಬೇತಿ ಎಲ್ಲವನ್ನೂ ದಾಟಿಸಿಬಿಟ್ಟರು. ಮನೆಗೆ ವಾರಕ್ಕೊಮ್ಮೆ ಬರುವ ಗಂಡಸಿಗೆ ಏನು ತಿಳಿಯುತ್ತದೆ?

ಅವನಿಗೆ ತಿಳಿದದ್ದು ತಾನು ಡ್ಯೂಟಿ ಮಾಡುವ ಜಂಕ್ಷನ್ನಿನಲ್ಲಿ. ಡ್ಯೂಟಿಗೆ ಬಂದವರು ಸಹಿ ಹಾಕಿ ಇಂಜಿನ್ನಿಗೆ ಹೋಗುವ ಕೋಣೆಗೆ ಲಾಬಿ ಅನ್ನುತ್ತಾರೆ, ಇಂಜಿನ್ ಡ್ರೈವರನಿಗೆ ಪೈಲಟ್. ಅಲ್ಲಿನ ಗುಮಾಸ್ತ ರಾಜಕುಮಾರ್ ಒಂದು ದಿನ ಅವನ ಅಂಗೈಗೆ ಪೇಡೆ ಇಟ್ಟು, "ಹೊಸ ಅಸಿಸ್ಟೆಂಟ್ ಪೈಲಟ್‌ಗಳ ಜೊತಿಗೆ ನಿಮ್ಮ ಮಗಳೂ ಬರ್ತಿದಾಳಲ್ಲ ಅಣ್ಣಾ, ಒಂದು ಮಾತು ಹೇಳಬಾರ್ದಾ?" ಎಂದ. ಸುತ್ತ ನಿಂತವರೆಲ್ಲ ಕೈ ಕುಲುಕಿದರು. ಗುರುಮಲ್ಲಪ್ಪ ಗೊತ್ತಿದ್ದವನ ಹಾಗೆ ನಕ್ಕ. ಹೊರಗೆ ಬಂದು ಪೇಡೆಯನ್ನು ಪ್ಲಾಟ್‌ಫಾರಂ ನಾಯಿಗೆ ಹಾಕಿದ. ಅಂದಿನಿಂದ ಮಾತಿಲ್ಲ.

ಇಬ್ಬರೂ ರಜೆಗೆ ಒಟ್ಟಿಗೆ ಮನೆಗೆ ಬಂದರೆ ನಡುವೆ ರಾಜೇಶ್ವರಮ್ಮನ ಪಾಡು ಕೇಳುವವರಿಲ್ಲ. "ಅಪ್ಪಾಜಿಗೆ ಇನ್ನೊಂದು ರೊಟ್ಟಿ ಬೇಕಾ ಕೇಳಮ್ಮ" ಎಂದು ಮಗಳು, "ಬೇಡ ಅಂತ ಹೇಳು" ಎಂದು ಅಪ್ಪ, ಒಂದೇ ಅಡುಗೆಮನೆಯಲ್ಲಿ ಎದುರುಬದುರು ಕೂತು. ಒಮ್ಮೆ ತಾಯಿಗೂ ರೇಗಿತು. "ನಾನೇನು ಸ್ಟೇಷನ್ ಮಾಸ್ಟರೇನ್ರೀ, ಇಬ್ಬರಿಗೂ ಲೈನ್ ಕ್ಲಿಯರ್ ಕೊಡ್ತಾ ಕೂರೋಕೆ?" ಎಂದು ರೊಟ್ಟಿಯ ಬುಟ್ಟಿಯನ್ನು ಇಬ್ಬರ ನಡುವೆ ಕುಕ್ಕಿ ಹಿತ್ತಲಿಗೆ ಹೋದಳು.

ಇಂಥದ್ದರಲ್ಲಿ ಸೊರಬದಿಂದ ಒಂದು ಸಂಬಂಧ ಬಂತು. ಮಹೇಶ್ವರಪ್ಪ ಎಂಬವರದು ಅಲ್ಲಿ ಅಕ್ಕಿ ಗಿರಣಿ, ಗೊಬ್ಬರದಂಗಡಿ. ಮಗ ಚನ್ನೇಶ್ ಅಂಗಡಿ ನೋಡಿಕೊಳ್ಳುತ್ತಾನೆ. ಒಳ್ಳೆಯ ಜನ ಎಂದು ನಾಲ್ಕು ಕಡೆ ವಿಚಾರಿಸಿದರೂ ಅದೇ ಮಾತು. ಅವರದ್ದು ಒಂದೇ ಷರತ್ತು: ಮದುವೆಯಾದ ಮೇಲೆ ಹುಡುಗಿ ರೈಲ್ವೆ ಕೆಲಸ ಬಿಡಬೇಕು. ಫೋನಿನಲ್ಲಿ ಮಹೇಶ್ವರಪ್ಪ ಅದನ್ನು ಅರ್ಧ ಹೇಳುವಷ್ಟರಲ್ಲೇ ಗುರುಮಲ್ಲಪ್ಪ, "ಆಯ್ತು ಬಿಡ್ರೀ, ಅದೇನು ದೊಡ್ಡ ವಿಷ್ಯ" ಎಂದುಬಿಟ್ಟ. ತಾನು ಬೇಡ ಎಂದದ್ದನ್ನು ಬೇರೆಯವರ ಬಾಯಲ್ಲಿ ಬೇಡ ಎನ್ನಿಸುವುದು ಎಷ್ಟು ಹಗುರ ಎಂದುಕೊಂಡು ಆ ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದ.

ತಾಯಿ ಈ ಮಾತನ್ನು ಮಗಳಿಗೆ ಮುಟ್ಟಿಸಿದಳು. ಮಗಳು ಅಳಲಿಲ್ಲ, ಕೂಗಾಡಲಿಲ್ಲ. "ಅಪ್ಪಾಜಿ ನನ್ನ ಮುಖ ನೋಡಿ, ಬಿಡು ಅಂತ ಅವರ ಬಾಯಿಂದ್ಲೇ ಹೇಳ್ಲಿ. ಅವತ್ತೇ ಬಿಡ್ತೀನಿ" ಎಂದಳು.

ಗುರುಮಲ್ಲಪ್ಪ ಪೇಚಿಗೆ ಬಿದ್ದ. ಕೆಲಸ ಬಿಡಿಸಬೇಕಾದರೆ ಮಾತಾಡಬೇಕು. ಮಾತಾಡಿದರೆ ಇಷ್ಟು ದಿನ ಕಾಪಾಡಿಕೊಂಡು ಬಂದ ಹಟ ಮುರಿಯುತ್ತದೆ. ಮುಂದೆ ನೋಡೋಣ ಎಂದು ತಳ್ಳುತ್ತ ಬಂದ. ಮುಂದೆ ಎನ್ನುವುದು ಕಡೆಗೆ ಬಂದೇಬಿಟ್ಟಿತು. ಅವನು ತಾಳಗುಪ್ಪದ ಗಾಡಿ ತೆಗೆದುಕೊಂಡು ಹೋಗುವುದಿತ್ತು. ಮರುದಿನ ಸಂಜೆಯವರೆಗೆ ಅಲ್ಲಿ ವಿಶ್ರಾಂತಿ. ತಾಳಗುಪ್ಪದಿಂದ ಸೊರಬ ಹತ್ತಿರವೇ ಆದ್ದರಿಂದ ಹುಡುಗಿ ತೋರಿಸುವ ಶಾಸ್ತ್ರವನ್ನು ಆ ಮರುದಿನ ಬೆಳಿಗ್ಗೆ ಹುಡುಗನ ಮನೆಯಲ್ಲೇ ಇಟ್ಟುಕೊಂಡರು. ಚೈತ್ರಶ್ರೀ ರಜೆ ಹಾಕಿ ತಾಯಿಯ ಜೊತೆ ಬಸ್ಸಿನಲ್ಲಿ ಬರುವುದೆಂದು ಮಾತಾಗಿತ್ತು.

ಲಾಬಿಗೆ ಬಂದು, ಕುಡಿದಿಲ್ಲವೆಂದು ತೋರಿಸಲು ಯಂತ್ರಕ್ಕೆ ಊದಿ, ಸಹಿ ಹಾಕಲು ಬಗ್ಗಿದರೆ ಅಸಿಸ್ಟೆಂಟ್ ಪೈಲಟ್ ಎಂಬಲ್ಲಿ ಮಗಳ ಹೆಸರು.

"ರಾಜಕುಮಾರ್, ಬೇರೆ ಯಾರನ್ನಾದ್ರೂ ಹಾಕ್ರಿ."

"ಯಾರನ್ನ ಹಾಕ್ಲಿ ಅಣ್ಣಾ? ಇಬ್ರು ರಜಾ, ಒಬ್ಬಂಗೆ ರಾತ್ರಿಯಿಂದ ಜ್ವರ. ಮಗಳ ರಜಾನೇ ಕ್ಯಾನ್ಸಲ್ ಆಗೇತಿ. ಇದು ಕಂಪ್ಯೂಟರ್ ಹಾಕಿದ್ದು, ಅದಕ್ಕೇನು ಗೊತ್ತು ನಿಮ್ಮ ಮನೆ ಸುದ್ದಿ?"

ಲಾಬಿಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟಿನ ಲೇಸು ನೋಡಿಕೊಳ್ಳತೊಡಗಿದರು. ಅಪ್ಪ ಮಗಳ ಮುನಿಸು ಆ ಡಿಪೋದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಬಾಗಿಲ ಬಳಿ ಚೈತ್ರಶ್ರೀ ಯೂನಿಫಾರಂ ತೊಟ್ಟು, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಜಡೆಯನ್ನು ಬಿಗಿಯಾಗಿ ಕಟ್ಟಿ, ಹಣೆಗೆ ತೆಳ್ಳಗೆ ವಿಭೂತಿ ಹಚ್ಚಿಕೊಂಡಿದ್ದಳು.

"ನಮಸ್ತೆ ಸರ್" ಎಂದಳು.

ಸರ್! ಗುರುಮಲ್ಲಪ್ಪ ತಲೆ ಆಡಿಸಿ ಮುಂದೆ ನಡೆದ.

ಹೊರಡುವ ಮೊದಲು ಇಂಜಿನ್ನಿನ ಸುತ್ತ ಒಮ್ಮೆ ನಡೆದು ನೋಡಬೇಕು. ಬ್ರೇಕ್ ಸವೆದಿದೆಯೇ, ಗಾಲಿ ಜಾರದಂತೆ ಸುರಿಯುವ ಮರಳಿನ ಡಬ್ಬಿ ತುಂಬಿದೆಯೇ, ಎಲ್ಲಾದರೂ ಎಣ್ಣೆ ಸೋರುತ್ತಿದೆಯೇ, ಇಂಥವೆಲ್ಲ. ಅವನು ಇಂಜಿನ್ನಿನ ಕಿಟಕಿಯಿಂದ, ನೋಡದವನ ಹಾಗೆ ನೋಡುತ್ತಿದ್ದ. ಮಗಳು ಟಾರ್ಚು ಹಿಡಿದು ಬಗ್ಗಿ ಬಗ್ಗಿ ಬರುತ್ತಿದ್ದಳು. ಪ್ರತಿ ಗಾಲಿಯ ಪಕ್ಕ ಅಚ್ಚಿನ ತುದಿಯನ್ನು ಮುಚ್ಚುವ ಪೆಟ್ಟಿಗೆ ಇರುತ್ತದೆ. ಅದು ಬಿಸಿಯಾಯಿತೆಂದರೆ ಒಳಗೆ ಏನೋ ಕೆಟ್ಟಿದೆ ಎಂದರ್ಥ. ಈಗ ಬಿಸಿ ಅಳೆಯಲು ಪಿಸ್ತೂಲಿನಂಥ ಒಂದು ಯಂತ್ರ ಕೊಟ್ಟಿದ್ದಾರೆ. ಅವಳು ಅದನ್ನು ಹಿಡಿದು ನೋಡಿದಳು. ಆಮೇಲೆ ಮನಸ್ಸು ತಡೆಯದೆ, ಕೈಯ ಹಿಂಬದಿಯನ್ನು ಮೆತ್ತಗೆ ಆ ಪೆಟ್ಟಿಗೆಗೆ ಒತ್ತಿ ಒಂದು ಕ್ಷಣ ಇಟ್ಟುಕೊಂಡಳು. ಅದನ್ನು ಅವನು ಅವಳಿಗೆ ಕಲಿಸಿದ್ದಲ್ಲ. ಚಿಕ್ಕವಳಿದ್ದಾಗ ಅವಳಿಗೆ ಜ್ವರ ಬಂದರೆ ರಾಜೇಶ್ವರಮ್ಮ ಹಾಗೇ ಹಣೆ ಮುಟ್ಟುತ್ತಿದ್ದಳು. ಗುರುಮಲ್ಲಪ್ಪ ಕಿಟಕಿಯಿಂದ ತಲೆ ಒಳಗೆಳೆದುಕೊಂಡ.

ಇನ್ನು ರೈಲ್ವೆಯಲ್ಲಿ ಒಂದು ನಿಯಮವಿದೆ. ಇಂಜಿನ್ನಿನಲ್ಲಿ ಕೂತವರು ಸಿಗ್ನಲ್ಲನ್ನು ನೋಡಿ ಸುಮ್ಮನೆ ಇರುವಂತಿಲ್ಲ. ಅಸಿಸ್ಟೆಂಟ್ ಕೈ ಚಾಚಿ ತೋರಿಸಿ, ಅದರ ಹೆಸರನ್ನೂ ಬಣ್ಣವನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕು. ಪೈಲಟ್ ತಾನೂ ಕಣ್ಣಾರೆ ನೋಡಿ ಅದನ್ನೇ ತಿರುಗಿ ಹೇಳಬೇಕು. ನೋಡದೆ ಹೇಳಿದರೆ ಅದು ಹೇಳಿದ್ದಲ್ಲ. ಊರಿಂದೂರಿಗೆ, ಹಗಲೂ ರಾತ್ರಿ, ಮಳೆಯಲ್ಲೂ ಬಿಸಿಲಲ್ಲೂ ಇದು ನಡೆಯಲೇಬೇಕು. ಇದರಲ್ಲಿ ಮುನಿಸಿಗೆ ವಿನಾಯಿತಿ ಇಲ್ಲ.

"ಸ್ಟಾರ್ಟರ್, ಹಸಿರು!" ಮಗಳು ಗಾಡಿ ಹೊರಡಿಸುವ ಸಿಗ್ನಲ್ಲಿನತ್ತ ಕೈ ಚಾಚಿದಳು.

ಗುರುಮಲ್ಲಪ್ಪ ಗಂಟಲು ಕೆರೆದುಕೊಂಡ. ವರ್ಷದ ಮೇಲೆ ಮಗಳಿಗೆ ಕೊಡುವ ಮೊದಲ ಉತ್ತರ ಇದಾಗಬೇಕೇ?

"ಸ್ಟಾರ್ಟರ್... ಹಸಿರು" ಎಂದ. ಗಾಡಿ ಹೊರಟಿತು.

ಶಿವಮೊಗ್ಗ ದಾಟುವವರೆಗೂ ಇದೇ ಆಯಿತು. ಅವಳು ಹೇಳುವಳು, ಅವನು ಹೇಳುವನು. ಬಣ್ಣದ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಅವಳ ದನಿ ಅವನ ಕಿವಿಗೆ ಬಿದ್ದೂ ಬಿದ್ದೂ, ಮರೆತೇಬಿಟ್ಟಿದ್ದ ಒಂದು ರಸ್ತೆ ಕಣ್ಣ ಮುಂದೆ ಬರತೊಡಗಿತು. ರಾಜೇಶ್ವರಮ್ಮನ ತವರು ಕುಬಟೂರು. ಶಿಕಾರಿಪುರದಿಂದ ಅಲ್ಲಿಗೆ ಹಳೇ ಟಿವಿಎಸ್ ಮೊಪೆಡ್ಡಿನಲ್ಲಿ ಹೋಗುವುದು. ಹೆಂಡತಿ ಹಿಂದೆ, ಮಗಳು ಮುಂದೆ ನಿಂತು ಹ್ಯಾಂಡಲ್ ಹಿಡಿದುಕೊಂಡು. ಆ ದಾರಿಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಇದ್ದದ್ದನ್ನೇ ಕೂಗುವುದು. "ಮುಂದೆ ಎಮ್ಮೆ!" ಎಂದು ಮಗಳು. "ಎಮ್ಮೆ!" ಎಂದು ಅಪ್ಪ. "ಹಂಪ್!" "ಹಂಪ್!" "ಹುಲ್ಲಿನ ಗಾಡಿ!" "ಹುಲ್ಲಿನ ಗಾಡಿ!" ಹಿಂದೆ ಕೂತ ರಾಜೇಶ್ವರಮ್ಮ ನಾಚಿಕೊಂಡು ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಆಗಾಗ ಹುಡುಗಿಗೆ ಕಿಡಿಗೇಡಿತನ. ಖಾಲಿ ರಸ್ತೆಯಲ್ಲಿ "ಮುಂದೆ ಆನೆ!" ಎಂದು ಕೂಗುವಳು, ಅಪ್ಪ ನೋಡದೇ ಒಪ್ಪಿಕೊಳ್ಳುತ್ತಾನೋ ಎಂದು. "ನನಗೆ ಕಾಣ್ಲಿಲ್ಲಪ್ಪ, ಸರಿಯಾಗಿ ನೋಡಿ ಹೇಳು" ಎಂದು ಅವನು ಅಂದರೆ ಅವಳಿಗೆ ಕೇಕೆಯೇ ಕೇಕೆ.

ಬೇಡ ಬೇಡ ಎಂದವನು ತಾನೇ. ಕಲಿಸಿದವನೂ ತಾನೇ. ಹೀಗೆ ಒಂದು ವಿಚಾರ ತಲೆಗೆ ಬಂದಿತು, ಬಂದದ್ದು ಹೋಗಲಿಲ್ಲ.

ಕಾಡಿನ ನಡುವೆ ಒಂದು ಸಣ್ಣ ನಿಲ್ದಾಣ. ಅವರ ಗಾಡಿಗೆ ಅಲ್ಲಿ ನಿಲುಗಡೆ ಇಲ್ಲ. ನಿಲ್ದಾಣಕ್ಕೆ ಮೊದಲು, ದೂರದಲ್ಲೇ ಒಂದು ಸಿಗ್ನಲ್ ಬರುತ್ತದೆ, ಅದಕ್ಕೆ ಡಿಸ್ಟಂಟ್ ಅನ್ನುವುದು. ಹಸಿರಿದ್ದರೆ ನೇರ ಹೋಗಬಹುದು. ಹಳದಿ ಇದ್ದರೆ ಅದರ ಮುಂದಿನ, ಹೋಮ್ ಎಂಬ ಸಿಗ್ನಲ್ಲಿನಲ್ಲಿ ನಿಲ್ಲಲು ತಯಾರಾಗಬೇಕು. ಗುರುಮಲ್ಲಪ್ಪನಿಗೆ ಆ ಡಿಸ್ಟಂಟ್ ಹಸಿರಲ್ಲದೆ ಬೇರೆ ಬಣ್ಣ ತೋರಿದ ನೆನಪೇ ಇಲ್ಲ. ತಿರುವು ಮುಗಿಯಿತು. ಮಗಳು ಕೈ ಚಾಚಿದಳು. ಮಣಿಕಟ್ಟಿನವರೆಗೆ ಗ್ರೀಸಿನ ಕಲೆ, ಅದರ ಮೇಲೆ ಒಂದು ತೆಳು ಬಳೆ. ಮೊಪೆಡ್ಡಿನ ಹ್ಯಾಂಡಲ್ ಹಿಡಿಯುತ್ತಿದ್ದ ಕೈ ಇದೇ ಅಲ್ಲವೇ? ಯಾವಾಗ ಇಷ್ಟು ಉದ್ದವಾಯಿತು? ಅವನು ಆ ಕೈಯನ್ನೇ ನೋಡುತ್ತಿದ್ದ.

"ಡಿಸ್ಟಂಟ್, ಹಳದಿ!"

"ಡಿಸ್ಟಂಟ್, ಹಸಿರು" ಎಂದಿತು ಅವನ ಬಾಯಿ.

"ಡಿಸ್ಟಂಟ್, ಹಳದಿ!" ದನಿ ಏರಿತು. ಅವಳ ಇನ್ನೊಂದು ಕೈ ಆಗಲೇ ತನ್ನ ಕಡೆಯ ತುರ್ತು ಬ್ರೇಕಿನ ಮೇಲಿತ್ತು. "ಅಪ್ಪಾಜಿ, ಹಳದಿ!"

ಅವನು ತಿರುಗಿದ. ಹಳದಿ. ಬೆಳ್ಳಂಬೆಳಗಿನ ಬಿಸಿಲಿನಲ್ಲಿ, ಯಾವ ಮಂಜೂ ಇಲ್ಲದೆ, ಚಿಕ್ಕ ಮಕ್ಕಳಿಗೂ ಕಾಣುವಂಥ ಹಳದಿ.

"ಹಳದಿ" ಎಂದ. ಕೈ ತಾನಾಗಿ ಬ್ರೇಕ್ ಹಾಕಿತು. ಗಾಡಿ ವೇಗ ಕಳೆದುಕೊಳ್ಳುತ್ತ ಹೋಗಿ, ಮುಂದಿದ್ದ ಕೆಂಪು ಸಿಗ್ನಲ್ಲಿಗಿಂತ ಎಷ್ಟೋ ಹಿಂದೆಯೇ ಮೆತ್ತಗೆ ನಿಂತಿತು. ಹಿಂದಿನ ಬೋಗಿಗಳಲ್ಲಿ ಕೂತವರ ಚಹಾ ಕೂಡ ಚೆಲ್ಲಿರಲಿಕ್ಕಿಲ್ಲ. ಏನೂ ಆಗಲಿಲ್ಲ, ನಿಜವೇ. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ನೋಡದೆ ಹೇಳಿದ್ದು ಅದೇ ಮೊದಲು.

ಎದುರಿನಿಂದ ಬರಬೇಕಾದ ಗಾಡಿ ತಡವಾಗಿತ್ತು. ಅದು ನಿಲ್ದಾಣಕ್ಕೆ ಬರುವವರೆಗೆ ಇವರಿಗೆ ಕೆಂಪು. ಕೂಗಿ ಹೇಳಲು ಏನೂ ಉಳಿದಿರಲಿಲ್ಲ. ಇಂಜಿನ್ನಿನ ಗುಂಯ್‌ ಸದ್ದು, ಹೊರಗೆ ಯಾವುದೋ ಹಕ್ಕಿ.

ಗುರುಮಲ್ಲಪ್ಪ, ಕೆಂಪು ದೀಪದ ಕಡೆಗೇ ನೋಡುತ್ತ, "ಬ್ರೇಕ್ ಮೇಲೆ ಕೈ ಇಟ್ಟಿದ್ದೆ ನೀನು" ಎಂದ.

"ಹೂಂ."

"ಎಳೀತಿದ್ಯಾ?"

"ಇನ್ನೊಂದು ಸಲ ಹಸಿರು ಅಂದಿದ್ರೆ ಎಳೀತಿದ್ದೆ. ಅಪ್ಪಾಜಿ ಅಂತ ನೋಡ್ತಿರ್ಲಿಲ್ಲ."

"ಎಳೀಬೇಕು. ಅದೇ ಸರಿ" ಎಂದ. ಆಮೇಲೆ, "ಯಾಕ ನನಗೆ ಹೇಳ್ಲಿಲ್ಲ ನೀನು? ಪರೀಕ್ಷೆ ಬರಿಯೋದು."

"ಹೇಳಿದ್ರೆ ಬಿಡ್ತಿದ್ರಾ?"

"ಬಿಡ್ತಿರ್ಲಿಲ್ಲ."

"ಮತ್ತೆ?"

ಗುರುಮಲ್ಲಪ್ಪ ಕಿಟಕಿಯ ಗಾಜನ್ನು ಬೆರಳಿನಿಂದ ಒರೆಸಿದ. ಗಾಜು ಚೊಕ್ಕಟವೇ ಇತ್ತು. "ಎಲ್ಲಾರೂ ಕೈ ಕುಲುಕಿದ್ರು. ನನ್ನ ಮಗಳು ಪಾಸಾಗಿದ್ದು ಊರಿಗೆಲ್ಲ ಗೊತ್ತು, ನನಗೊಬ್ಬಂಗೆ ಗೊತ್ತಿಲ್ಲ. ಕೈಯಾಗ ಪೇಡೆ ಹಿಡ್ಕೊಂಡು ನಿಂತಿದ್ದೆ ನಾನು, ಪೆದ್ದನ ಹಂಗೆ. ನನಗೆ ಖುಷಿ ಪಡೋಕೂ ಬಿಡ್ಲಿಲ್ಲ ನೀನು."

ಇಷ್ಟು ದಿನ ಅವನಿಗೇ ತಿಳಿಯದೆ ಇದ್ದ ಮಾತು ಅದು. ಹೇಳಿದ ಮೇಲೆ ಅವನಿಗೇ ತಿಳಿಯಿತು. ಬಚ್ಚಲಿಲ್ಲ, ಹಬ್ಬವಿಲ್ಲ ಎಂಬುದೆಲ್ಲ ನಿಜವಾದರೂ, ಒಳಗೆ ಕೂತು ಕಡಿಯುತ್ತಿದ್ದುದು ಆ ಪೇಡೆ.

ಚೈತ್ರಶ್ರೀ ಮುಖ ಆಚೆ ತಿರುಗಿಸಿದಳು. ತೋಳಿನಿಂದ ಕಣ್ಣೊರೆಸಿಕೊಂಡಳು. "ತಪ್ಪಾಯ್ತು ಅಪ್ಪಾಜಿ. ಪಾಸಾದ ದಿನ ನಿಮಗೇ ಮೊದ್ಲು ಫೋನ್ ಮಾಡಿದ್ದೆ. ನೀವು ಎತ್ತಿ ಹಲೋ ಅಂದ್ರಿ, ಹಿಂದೆ ಇಂಜಿನ್ ಸದ್ದು ಕೇಳ್ತು. ಹೆದರಿಕೆ ಆಗಿ ಊಟ ಆಯ್ತಾ ಅಂತ ಕೇಳಿ ಇಟ್ಬಿಟ್ಟೆ."

ಆ ಫೋನು ಅವನಿಗೆ ನೆನಪಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಊಟ ಕೇಳುತ್ತಾಳಲ್ಲ ಎಂದುಕೊಂಡಿದ್ದ.

"ಈಗ ಹೆಂಗೂ ಮಾತಾಡಿದ್ರಲ್ಲ" ಎಂದಳು ಅವಳು, ನೆಟ್ಟಗೆ ಕೂತು, ಅವನ ಮುಖವನ್ನೇ ನೋಡುತ್ತ. "ಅದನ್ನೂ ಹೇಳ್ಬಿಡಿ. ಬಿಡು ಅನ್ನಿ. ನಾನು ಅಮ್ಮಂಗೆ ಮಾತು ಕೊಟ್ಟೀನಿ, ಬಿಡ್ತೀನಿ."

ಒಂದೇ ಶಬ್ದ. ಬಾಯಿ ತೆರೆದರೆ ಮುಗಿಯಿತು. ನಾಳೆ ಸೊರಬದಲ್ಲಿ ಕೊಟ್ಟ ಮಾತು ಉಳಿಯುತ್ತದೆ, ಮಗಳು ಗಿರಣಿಯವರ ಮನೆಯಲ್ಲಿ ಹೊತ್ತು ಹೊತ್ತಿಗೆ ಉಂಡು ಮಲಗುತ್ತಾಳೆ. ಗುರುಮಲ್ಲಪ್ಪ ಬಾಯಿ ತೆರೆದ. ಎದುರಿನ ಗಾಡಿ ನಿಲ್ದಾಣದೊಳಗೆ ಬಂದು ನಿಂತ ಸದ್ದು ಕೇಳಿತು. ಕೆಂಪು ಹೋಯಿತು.

"ಹೋಮ್, ಹಸಿರು!" ಮಗಳ ಕೈ ಚಾಚಿಕೊಂಡಿತು. ಕಣ್ಣು ಒದ್ದೆಯಾಗಿಯೇ ಇತ್ತು, ದನಿ ಮಾತ್ರ ಅಲುಗಲಿಲ್ಲ.

ಅವನು ಈ ಸಲ ಸಿಗ್ನಲ್ಲನ್ನು ನೋಡಿದ. ಚೆನ್ನಾಗಿ ನೋಡಿದ. ಆಮೇಲೆ, "ಹೋಮ್, ಹಸಿರು" ಎಂದ. ತಾಳಗುಪ್ಪದವರೆಗೂ ಆ ಇನ್ನೊಂದು ಮಾತು ಅವನ ಬಾಯಿಂದ ಬರಲಿಲ್ಲ.

ಮರುದಿನ ಸೊರಬದ ಮಹೇಶ್ವರಪ್ಪನವರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ರಾಜೇಶ್ವರಮ್ಮ ಶಿಕಾರಿಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ಅವಳ ತಮ್ಮ ಮಾಳೇಶ ಕುಬಟೂರಿನಿಂದ ಅದೇ ಹಳೇ ಟಿವಿಎಸ್ಸಿನಲ್ಲಿ ಬಂದಿದ್ದ. ಗುರುಮಲ್ಲಪ್ಪ ಬೈಕು ಕೊಂಡಾಗ ಮೊಪೆಡ್ಡನ್ನು ಅವನಿಗೆ ಕೊಟ್ಟಿದ್ದ, ಅವನು ಅದನ್ನು ಸಾಯಲು ಬಿಟ್ಟಿರಲಿಲ್ಲ. ಚೈತ್ರಶ್ರೀ ಸೀರೆ ಉಟ್ಟು ಎಲ್ಲರಿಗೂ ಶರಬತ್ತು ಕೊಟ್ಟಳು. ಉಗುರಿನ ಸಂದಿನ ಗ್ರೀಸು ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಹುಡುಗ ಚನ್ನೇಶ್ ಲೋಟ ತೆಗೆದುಕೊಳ್ಳುವಾಗ ಅದನ್ನು ಕಂಡ. ತನ್ನ ಉಗುರನ್ನೂ ಒಮ್ಮೆ ನೋಡಿಕೊಂಡ, ಅವನದ್ದು ಗಿರಣಿಯ ಬೆಲ್ಟಿನ ಕಪ್ಪು.

ಉಪ್ಪಿಟ್ಟು, ಕೇಸರಿಬಾತ್ ಆಯಿತು. ಆ ಮಾತು ಈ ಮಾತು ಆಯಿತು. ಹುಡುಗನ ತಾಯಿ ಶೇಷಮ್ಮ ಹುಡುಗಿಯ ಜಡೆ ಮೆಚ್ಚಿದರು. ಕಡೆಗೆ ಮಹೇಶ್ವರಪ್ಪನವರು ಎಲೆ ಅಡಿಕೆ ತಟ್ಟೆಯನ್ನು ಗುರುಮಲ್ಲಪ್ಪನ ಮುಂದೆ ಸರಿಸಿ, "ಮತ್ತೆ ಕೆಲಸದ ವಿಷ್ಯ ಅವತ್ತು ಫೋನಿನಲ್ಲಿ ಮಾತಾಡಿದ ಹಾಗೇ ಅಲ್ದಾ? ಎಲ್ಲರ ಎದುರಿಗೆ ಒಂದು ಮಾತು ಆಗಿಬಿಡ್ಲಿ ಅಂತ" ಎಂದರು.

ರಾಜೇಶ್ವರಮ್ಮ ಗಂಡನನ್ನು ನೋಡಿದಳು. ಚೈತ್ರಶ್ರೀ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತಲೆ ತಗ್ಗಿಸಿರಲಿಲ್ಲ. ನಿನ್ನೆ ಕೆಂಪು ದೀಪದ ಮುಂದೆ ನೋಡಿದ ಹಾಗೆಯೇ ಅಪ್ಪನ ಮುಖ ನೋಡುತ್ತಿದ್ದಳು, ಅವನು ಏನು ಹೇಳಿದರೂ ಸರಿ ಎನ್ನುವಂತೆ.

ಗುರುಮಲ್ಲಪ್ಪ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಆ ಹೆಮ್ಮೆ ಅವನಿಗೆ ಬಹಳ. ಅವನು ತಟ್ಟೆಯನ್ನು ಮುಟ್ಟದೆ, ಎರಡೂ ಕೈ ಮುಗಿದ.

"ಮಾತು ಕೊಟ್ಟಿದ್ದು ಹೌದ್ರೀ. ಆದ್ರ ನಾನು ನೋಡದೇ ಹೇಳಿದ್ದೆ. ಮಗಳು ಕೆಲಸ ಮಾಡೋದನ್ನ ಒಂದಿನಾನೂ ನೋಡದೇ ಹೇಳಿದ್ದೆ. ನಿನ್ನೆ ಪಕ್ಕದಾಗ ಕೂತು ನೋಡ್ದೆ. ನಾನು ತಪ್ಪು ಹೇಳ್ದಾಗ ಅಪ್ಪ ಅಂತ ಬಿಡ್ಲಿಲ್ಲ ಅವಳು, ಎರಡು ಸಲ ತಿದ್ದಿದ್ಲು. ಹಿಂದೆ ಕೂತ ಅಷ್ಟು ಮಂದಿ ಅವಳ ಕಣ್ಣು ನಂಬಿ ಹೋಗ್ತಾರ್ರೀ. ಅವಳಿಗೆ ಬಿಡು ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ನೀವೇ ದೊಡ್ಡ ಮನಸ್ಸು ಮಾಡಿ ನನ್ನ ಮಾತು ನನಗೆ ವಾಪಸ್ ಕೊಡ್ರಿ."

ಮಾಳೇಶ ಉಪ್ಪಿಟ್ಟು ನುಂಗುವುದನ್ನೇ ಮರೆತ. ಮಹೇಶ್ವರಪ್ಪನವರು ಅಡಿಕೆ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದರು. ಸಿಟ್ಟಿನ ಮನುಷ್ಯರಲ್ಲ ಅವರು. "ಹೀಗಾದ್ರೆ ಸ್ವಲ್ಪ ಯೋಚನೆ ಮಾಡಬೇಕಾಗ್ತದೆ ಮಾರಾಯ್ರೆ. ಫೋನ್ ಮಾಡ್ತೇವೆ" ಎಂದರು. ಹೆಣ್ಣು ನೋಡಿದ ಮನೆಯಲ್ಲಿ ಫೋನ್ ಮಾಡ್ತೇವೆ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ರಾಜೇಶ್ವರಮ್ಮ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ದುಃಖವೋ ಇನ್ನೇನೋ, ಅವಳಿಗೂ ತಿಳಿದಿರಲಿಕ್ಕಿಲ್ಲ.

ಹೊರಗೆ ಬಂದಾಗ ತಾಳಗುಪ್ಪದ ಬಸ್ಸು ಹೋಗಿಯಾಗಿತ್ತು. ಸಂಜೆಯ ರೈಲನ್ನು ಅಪ್ಪ ಮಗಳೇ ತೆಗೆದುಕೊಂಡು ಹೋಗಬೇಕು. "ಭಾವ, ನನ್ನ ಗಾಡಿ ತಗೊಂಡು ಹೋಗ್ರಿ, ಸ್ಟೇಷನ್ನಾಗ ನಿಲ್ಸಿರಿ, ನಾಳೆ ನಾನು ತಗೊಂತೀನಿ. ಅಕ್ಕನ್ನ ಬಸ್ಸಿಗೆ ಹತ್ತಿಸ್ತೀನಿ" ಎಂದು ಮಾಳೇಶ ಮೊಪೆಡ್ಡಿನ ಕೀಲಿ ಕೊಟ್ಟ. ಗುರುಮಲ್ಲಪ್ಪ ಕೈ ಚಾಚುವಷ್ಟರಲ್ಲಿ ಚೈತ್ರಶ್ರೀ ಅದನ್ನು ತೆಗೆದುಕೊಂಡಳು. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿ, ಎರಡು ತುಳಿತಕ್ಕೆ ಗಾಡಿ ಎಬ್ಬಿಸಿದಳು.

ಗೇಟಿನವರೆಗೆ ಚನ್ನೇಶ್ ಬಂದಿದ್ದ. ಏನೋ ಹೇಳಬೇಕೆಂದು ಬಂದವನು ಅದನ್ನು ಮರೆತವನ ಹಾಗೆ ನಿಂತು, ಕಡೆಗೆ, "ನೀವು ಮತ್ತೆ ತಾಳಗುಪ್ಪಕ್ಕೆ ಯಾವತ್ತು ಬರ್ತೀರಿ?" ಎಂದು ಕೇಳಿದ.

"ಕಂಪ್ಯೂಟರ್ ಹೇಳ್ಬೇಕು" ಎಂದಳು ಚೈತ್ರಶ್ರೀ. ಅವನು ನಕ್ಕ. ಅವಳೂ.

ರಸ್ತೆ ಖಾಲಿ ಇತ್ತು. ಅಪ್ಪ ಹಿಂದೆ ಕೂತು, ಎರಡೂ ಕೈಯಿಂದ ಸೀಟಿನ ಅಂಚು ಹಿಡಿದುಕೊಂಡಿದ್ದ. ಸೊರಬ ಹಿಂದಾಯಿತು, ಗದ್ದೆಗಳು ಬಂದವು. ಬಹಳ ದೂರದವರೆಗೆ ಇಬ್ಬರೂ ಏನೂ ಮಾತಾಡಲಿಲ್ಲ. ಆದರೆ ಇದು ಮುನಿಸಿನ ಮೌನವಲ್ಲ, ಹೊಟ್ಟೆ ತುಂಬ ಉಂಡವರು ಸುಮ್ಮನೆ ಕೂರುವ ಥರದ್ದು.

"ಹುಡುಗ ಹೆಂಗೆ ಅನ್ನಿಸ್ತಮ್ಮ?" ಗುರುಮಲ್ಲಪ್ಪ ಕೊನೆಗೆ ಕೇಳಿದ. ಅವಳ ಮನಸ್ಸಿಗೆ ಹಿಡಿಸಿದ್ದನ್ನು ತಾನೇ ಕೆಡಿಸಿದೆನೇನೋ ಎಂಬ ಅಳುಕು ಅವನಿಗೆ ಆಗಿನಿಂದಲೂ ಇತ್ತು.

ಮಗಳು ಸ್ವಲ್ಪ ಯೋಚಿಸಿದಳು. "ಡಿಸ್ಟಂಟ್, ಹಳದಿ" ಎಂದಳು.

ಗುರುಮಲ್ಲಪ್ಪ ಗೇಟಿನ ಬಳಿ ನಿಂತಿದ್ದ ಆ ಹುಡುಗನನ್ನು, ಅವನ ಉಗುರಿನ ಕಪ್ಪನ್ನು, ಅವನ ಆ ನಗುವನ್ನು ಇನ್ನೊಮ್ಮೆ ಕಣ್ಣ ಮುಂದೆ ತಂದುಕೊಂಡು ನೋಡಿದ. "ಡಿಸ್ಟಂಟ್, ಹಳದಿ" ಎಂದ.

ದಾರಿ ತಿರುಗಿತು. ಮುಂದೆ ಉದ್ದಕ್ಕೂ ಬಿಸಿಲು, ಒಂದು ನರಪಿಳ್ಳೆ ಇಲ್ಲ. ಗುರುಮಲ್ಲಪ್ಪನಿಗೆ ಏನನ್ನಿಸಿತೋ, ಸೀಟಿನ ಅಂಚು ಬಿಟ್ಟು, ಮಗಳ ಭುಜದ ಪಕ್ಕದಿಂದ ಕೈ ಉದ್ದಕ್ಕೆ ಚಾಚಿ, ಜೋರಾಗಿ ಕೂಗಿದ.

"ಮುಂದೆ ಆನೆ!"

ಮೊಪೆಡ್ಡು ಒಂದಿಷ್ಟು ಓಲಾಡಿ ಮತ್ತೆ ನೆಟ್ಟಗಾಯಿತು. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬೆನ್ನು ಮಾತ್ರ ನಗುವಿಗೆ ಕುಲುಕುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು.

"ನನಗೆ ಕಾಣ್ಲಿಲ್ಲ ಅಪ್ಪಾಜಿ" ಎಂದಳು. "ಸರಿಯಾಗಿ ನೋಡಿ ಹೇಳಿ."